ಅಮೆರಿಕಕ್ಕೆ ಹೋದ ನೆಂಟರನ್ನು ದಾಖಲೆಯಲ್ಲಿ ಹುಡುಕುವುದು ಹೇಗೆ?

ವಂಶವೃಕ್ಷ ಬರೆಯಲು ಕೂತವರು ಅಮೆರಿಕದಲ್ಲಿ ನೆಲೆಸಿದ ನೆಂಟರ ಹತ್ತಿರ ಬಂದಾಗ ಕೈಚೆಲ್ಲುತ್ತಾರೆ. ‘ಆ ಹೆಸರಿನವರೇ ಇಲ್ಲ’ ಅನ್ನುತ್ತಾರೆ. ಇರುತ್ತಾರೆ, ಬೇರೆ ಹೆಸರಲ್ಲಿ.

ಮೊದಲು ಮನೆಯ ಟ್ರಂಕು ತೆಗೆಯಿರಿ: ಹಳೇ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಲಗ್ನಪತ್ರಿಕೆ, ಏರ್‌ಮೇಲ್ ಕಾಗದಗಳು.

ಆಮೇಲೆ ಕಾಲ ಗೊತ್ತುಮಾಡಿಕೊಳ್ಳಿ. 1923ರ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಕೊಡಲಾಗದು ಎಂದಿತು. ಆ ಅಡ್ಡಿ ಹೋದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ. ನಡುವಿನ ವರ್ಷಗಳಲ್ಲಿ ಪೌರತ್ವದ ಕಾಗದಗಳನ್ನು ಸುಮ್ನೆ ಹುಡುಕಬೇಡಿ. ನಮ್ಮವರು ಜಾಸ್ತಿ ಹೋದದ್ದು 1965ರ ವಲಸೆ ಕಾಯ್ದೆಯ ನಂತರ. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಪೌರತ್ವಕ್ಕೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು. 1968ರಲ್ಲಿ ಸಿಕ್ಕಿದ್ದರೆ 1973ರಿಂದ ಶುರುಮಾಡಿ.

ಎಲ್ಲರೂ ಎಡವುವುದು ಹೆಸರಲ್ಲಿ. ಜಿ.ಎನ್. ಸಿದ್ದಪ್ಪ ಅಂತ ಒಬ್ಬರು ಇದ್ದರು ಅಂದುಕೊಳ್ಳಿ. ಊರು ಗುಬ್ಬಿ, ಅಪ್ಪ ನಂಜಪ್ಪ. ಅಮೆರಿಕದ ಫಾರಂ ಸರ್‌ನೇಮ್ ಕೇಳುತ್ತದೆ, ಇವರಿಗೆ ಅದಿಲ್ಲ. ಹಾಗಾಗಿ ಒಂದು ಕಾಗದದಲ್ಲಿ ‘ಸಿದ್ದಪ್ಪ’ ಸರ್‌ನೇಮ್, ಇನ್ನೊಂದರಲ್ಲಿ ‘ನಂಜಪ್ಪ’, ಮತ್ತೊಂದರಲ್ಲಿ ‘ಗುಬ್ಬಿ’. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಬಂದಿರಬಹುದು. ಹೆಸರೇ ಗೊತ್ತಿಲ್ಲ ಅನ್ನುವುದಕ್ಕೆ ಅವರ ಗುರುತು ಅದು! ಮೇಲಾಗಿ ಇಂಗ್ಲಿಷಿನಲ್ಲಿ ಡಿ ಒಂದೋ ಎರಡೋ, ನಡುವೆ ಹೆಚ್ ಇದೆಯೋ ಇಲ್ಲವೋ. ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದು, ಒಂದೊಂದನ್ನೂ ಹುಟ್ಟಿದ ವರ್ಷದ ಜೊತೆ ಹಾಕಿ ನೋಡಿ. ಹುಟ್ಟಿದ ತಾರೀಖನ್ನೂ ಪೂರ್ತಿ ನಂಬಬೇಡಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರದ್ದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು, ಅಲ್ವಾ?

ಹುಡುಕಾಟಕ್ಕೆ ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟು ಸಾಕು, ಉಚಿತ. ದುಡ್ಡು ಕಟ್ಟುವ ಸೈಟುಗಳನ್ನು ಆಮೇಲೆ ನೋಡಿದರಾಯಿತು. ‘ನಿಮ್ಮ ಮನೆತನದ ಲಾಂಛನ’ ಅಂತ ಮಾರುವವರ ಕಡೆ ತಿರುಗಿಯೂ ನೋಡಬೇಡಿ. ನಿನ್ನೆ ಮೊನ್ನೆ ಸರ್‌ನೇಮ್ ಆದ ಗುಬ್ಬಿಗೆ ಎಲ್ಲಿಯ ಲಾಂಛನ?

ಈಗ ಕೋರ್ಟಿನ ಕಾಗದ. 1991ರವರೆಗೂ ಪೌರತ್ವ ಕೊಡುತ್ತಿದ್ದದ್ದು ಕೋರ್ಟುಗಳೇ. ಫೆಡರಲ್ ಕೋರ್ಟಿನ ಹಳೇ ಪಿಟಿಷನ್‌ಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುತ್ತವೆ. ಕೌಂಟಿ ಕೋರ್ಟಿನದಾದರೆ ಆಯಾ ಊರಲ್ಲೇ ವಿಚಾರಿಸಬೇಕು. ಪೌರತ್ವ ಕೊಡುವಾಗಲೇ ಹೆಸರು ಬದಲಿಸಲು ಕೋರ್ಟಿಗೆ ಅಧಿಕಾರವಿತ್ತು. ಹಾಗೆ ಬದಲಿಸಿಕೊಂಡಿದ್ದರೆ ಹಳೇ ಹೆಸರು, ಹೊಸ ಹೆಸರು ಎರಡೂ ಆ ಕಡತದಲ್ಲೇ ಸಿಗುತ್ತವೆ. ನಕಲು ಕೇಳುವಾಗ ಎರಡೂ ಬದಿಯದು ಬೇಕೆಂದು ಬರೆಯಿರಿ. ಮುಂಬದಿ ಮಾತ್ರ ತರಿಸಿಕೊಂಡು ‘ಏನೂ ಇಲ್ಲ’ ಅನ್ನುವವರೇ ಹೆಚ್ಚು.

ಪಿಟಿಷನ್ನಿನಲ್ಲಿ ‘ಎ’ ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ಗುರುತು ಹಾಕಿಕೊಳ್ಳಿ. ಅದು ವಲಸೆ ಕಡತದ ನಂಬರ್. 1965ರ ನಂತರ ಹೋದವರ ಕಡತವನ್ನು ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಆನ್‌ಲೈನಿನಲ್ಲೇ ಕೇಳಬಹುದು. ತೀರಿಕೊಂಡವರದ್ದಾದರೆ ಮರಣ ಪತ್ರ ಲಗತ್ತಿಸಿ, ನೀವು ಬರೆದಿಟ್ಟ ಹೆಸರುಗಳನ್ನೆಲ್ಲ ಅರ್ಜಿಯಲ್ಲಿ ಸೇರಿಸಿ.