ಪೌಂಡಿನಿಂದ (ಜಪ್ತಿಯಾದ ವಾಹನಗಳನ್ನು ಇಡುವ ಅಂಗಳದಿಂದ) ಕಾರು ಬಿಡಿಸಿಕೊಂಡದ್ದು: ನನ್ನ ಅನುಭವ

ಗುರುವಾರ ಸಂಜೆ ಇಂಗ್ಲೆಂಡಿನ ಮೋಟಾರ್‌ವೇ ಇಳಿದು ಮನೆಯ ಕಡೆ ತಿರುಗಿದ್ದೆ, ಅಷ್ಟರಲ್ಲಿ ಹಿಂದೆ ನೀಲಿ ದೀಪ. ಪೊಲೀಸರ ಎಎನ್‌ಪಿಆರ್ ಕ್ಯಾಮೆರಾ ನನ್ನ ನಂಬರ್ ಪ್ಲೇಟ್ ಓದಿ, ಈ ಕಾರಿಗೆ ಇನ್ಶೂರೆನ್ಸ್ ಇಲ್ಲ ಎಂದಿತ್ತು. ಇದೆ ಎಂದು ನಾನು ಫೋನಿನಲ್ಲಿದ್ದ ಪಾಲಿಸಿ ತೋರಿಸಿದೆ. ಅಧಿಕಾರಿ ಅಲ್ಲೇ ನಿಂತು ಕಂಪನಿಗೆ ಫೋನ್ ಹಚ್ಚಿದರು. ಪಾಲಿಸಿ ರದ್ದಾಗಿ ಆಗಲೇ ಹನ್ನೊಂದು ದಿನವಾಗಿತ್ತು.

ಬ್ಯಾಂಕ್ ಬದಲಾಯಿಸಿದಾಗ ಆ ಒಂದು ಡೈರೆಕ್ಟ್ ಡೆಬಿಟ್ ಹಳೆಯ ಖಾತೆಯಲ್ಲೇ ಉಳಿದುಬಿಟ್ಟಿತ್ತು. ಕಂತು ಹೋಗಿರಲಿಲ್ಲ. ಎಚ್ಚರಿಕೆಯ ಕಾಗದಗಳೆಲ್ಲ ನಾವು ಖಾಲಿ ಮಾಡಿದ ಬಾಡಿಗೆ ಮನೆಗೆ ಹೋಗಿ ಬಿದ್ದಿದ್ದವು. ಆದರೆ ನನಗೆ ಗೊತ್ತಿರಲಿಲ್ಲ ಎಂದರೆ ಕೇಳುವ ಕಾನೂನಲ್ಲ ಇದು. 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕಕ್ಕೆ 6 ಪಾಯಿಂಟ್, ಮತ್ತು 1988ರ ರೋಡ್ ಟ್ರಾಫಿಕ್ ಆಕ್ಟಿನ 165ಎ ಸೆಕ್ಷನ್ ಪ್ರಕಾರ ಕಾರು ಜಪ್ತಿ. ಮಗಳ ಸೀಟನ್ನು ಹಿಂದಿನಿಂದ ಬಿಚ್ಚಿಕೊಂಡು ರಸ್ತೆ ಬದಿಯಲ್ಲಿ ನಿಂತೆ. ನಮ್ಮ ಕಾರನ್ನು ಟ್ರಕ್ಕಿನ ಮೇಲೇರಿಸಿ ಬೆಲ್ಟು ಬಿಗಿಯುವುದನ್ನು ನೋಡುತ್ತಾ ನಿಂತ ಆ ಹತ್ತು ನಿಮಿಷ ಇನ್ನೂ ಕಣ್ಣಿಗೆ ಕಟ್ಟಿದೆ.

ಕೈಗೆ ಕೊಟ್ಟ ಜಪ್ತಿ ನೋಟಿಸನ್ನು ಮನೆಗೆ ಬಂದು ನಿಧಾನವಾಗಿ ಓದಿದೆ. ಕಾರು ನನ್ನದೆಂದು ಹೇಳಿಕೊಳ್ಳಲು 7 ಕೆಲಸದ ದಿನ. ಬಿಡಿಸಿಕೊಳ್ಳದೆ ಹೋದರೆ 14 ದಿನ ಕಳೆದ ಮೇಲೆ ಅದನ್ನು ಮಾರಬಹುದು, ಪುಡಿಗಟ್ಟಲೂಬಹುದು. ಎಳೆದೊಯ್ದದ್ದಕ್ಕೆ 192 ಪೌಂಡ್, ಆಮೇಲೆ ಇಟ್ಟುಕೊಂಡ ದಿನಕ್ಕೆ 26. ಶನಿವಾರ, ಭಾನುವಾರ ಎಂದು ಆ ಬಾಡಿಗೆ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಗೆಳೆಯನಿಗೆ ಫೋನ್ ಮಾಡಿದೆ. "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀಯ ಮಾರಾಯ? ನಂದು ಫುಲ್ ಕಾಂಪ್ರಹೆನ್ಸಿವ್. ಬೇರೆಯವರ ಕಾರು ಓಡಿಸೋಕೂ ಕವರ್ ಇದೆ. ನಾನೇ ಬಂದು ಬಿಡಿಸಿಕೊಡ್ತೀನಿ" ಅಂದ. ಮನಸ್ಸು ಹಗುರವಾಯಿತು. ಆದರೂ ಸರ್ಟಿಫಿಕೇಟ್ ಒಮ್ಮೆ ಕಳಿಸು ಎಂದೆ. ಮೊದಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸರ್ಕಾರವಾಗಲಿ ಸಾರ್ವಜನಿಕ ಪ್ರಾಧಿಕಾರವಾಗಲಿ ವಶಪಡಿಸಿಕೊಂಡ ವಾಹನವನ್ನು ಬಿಡಿಸಲು ಈ ಸರ್ಟಿಫಿಕೇಟ್ ನಡೆಯುವುದಿಲ್ಲ, ಇದರಲ್ಲೇ ನಂಬರ್ ನಮೂದಾದ ವಾಹನ ಮಾತ್ರ ಅಪವಾದ. ಗೆಳೆಯ ನಾಲ್ಕು ವರ್ಷದಿಂದ ಅದೇ ಪಾಲಿಸಿ ನವೀಕರಿಸುತ್ತಿದ್ದ, ಆ ಸಾಲು ಅವನ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಹಿಂದಿನ ರಾತ್ರಿ ಕೊಳ್ಳಲು ಹೊರಟಿದ್ದ ಒಂದು ದಿನದ ಇನ್ಶೂರೆನ್ಸಿನ ಷರತ್ತುಗಳನ್ನು ತೆಗೆದು ನೋಡಿದರೆ ಅಲ್ಲೂ ಇದೇ ಕಥೆ, ಜಪ್ತಿಯಾದ ಕಾರಿಗೆ ಬರುವುದಿಲ್ಲ.

ಇಷ್ಟು ದಿನ ಇನ್ಶೂರೆನ್ಸ್ ಇದ್ದರೆ ಆಯಿತು ಎಂದುಕೊಂಡಿದ್ದವನು ನಾನು. ಪೌಂಡಿನವರು ನೋಡುವುದು ಇನ್ಶೂರೆನ್ಸ್ ಇದೆಯೋ ಇಲ್ಲವೋ ಎಂದಷ್ಟೇ ಅಲ್ಲ, ಅದು ಜಪ್ತಿಯಾದ ಕಾರನ್ನು ಬಿಡಿಸಲು ಒಪ್ಪುತ್ತದೋ ಇಲ್ಲವೋ ಎಂದು. ಅದಕ್ಕೆಂದೇ ಇಂಪೌಂಡ್ ಇನ್ಶೂರೆನ್ಸ್ ಸಿಗುತ್ತದೆ, ಸಾಮಾನ್ಯವಾಗಿ 30 ದಿನದ್ದು. ಶುಕ್ರವಾರ ಮಧ್ಯಾಹ್ನವೆಲ್ಲ ಫೋನಿಗೆ ಅಂಟಿಕೊಂಡು ಕೂತೆ. ಮೊದಲು ಪೌಂಡಿಗೇ ಕೇಳಿದೆ: ಮೂವತ್ತು ದಿನದ ಪಾಲಿಸಿ ಒಪ್ಪುತ್ತೀರಾ, ಯಾವ ಯಾವ ಕಾಗದ ತರಬೇಕು? ಆಮೇಲೆ ಬ್ರೋಕರುಗಳಿಗೆ. ಕಾರು ಈಗ ಪೌಂಡಿನಲ್ಲಿದೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿದೆ. ಇಬ್ಬರು ಆಗುವುದಿಲ್ಲ ಎಂದರು. ಮೂರನೆಯವರು ಒಪ್ಪಿದರು.

ಆ ಮೂರನೆಯ ಕರೆಯಲ್ಲಿ ನಾಲಿಗೆ ತಡವರಿಸಿದ ಒಂದು ಪ್ರಶ್ನೆ ಬಂತು: ಯಾವುದಾದರೂ ಕಂಪನಿ ನಿಮ್ಮ ಪಾಲಿಸಿ ರದ್ದು ಮಾಡಿದೆಯೇ? ಇಲ್ಲ ಎಂದಿದ್ದರೆ ಕಂತು ಎಷ್ಟೋ ಇಳಿಯುತ್ತಿತ್ತು. ಹೌದು ಎಂದೆ, ಪಾಯಿಂಟಿನ ವಿಷಯವನ್ನೂ ಹೇಳಿದೆ. 2012ರ ಕಾಯ್ದೆಯೊಂದರ ಪ್ರಕಾರ ಗ್ರಾಹಕ ಬೇಕೆಂದೇ ತಪ್ಪು ಉತ್ತರ ಕೊಟ್ಟರೆ ಕಂಪನಿ ಪಾಲಿಸಿಯನ್ನೇ ಅಸಿಂಧು ಮಾಡಬಹುದು. ಹಾಗಾದರೆ ಇನ್ನೊಮ್ಮೆ ಇನ್ಶೂರೆನ್ಸ್ ಇಲ್ಲದ ಕಾರಿನಲ್ಲಿ ಮಗಳನ್ನು ಕೂರಿಸಿಕೊಂಡು ಓಡಾಡಿದಂತೆಯೇ. ಆ ಮೂವತ್ತು ದಿನದ ಕಂತು ಪೌಂಡಿನ ಬಿಲ್ಲಿಗಿಂತ ಹೆಚ್ಚಾಯಿತು. ಕೊಟ್ಟೆ. ಅದಕ್ಕೆ ಮೊದಲು ಸರ್ಟಿಫಿಕೇಟಿನ ಕರಡು ಕಳಿಸಿ ಎಂದು ಕೇಳಿ, ನನ್ನ ಹೆಸರು, ಕಾರಿನ ನಂಬರು, ಬಿಡಿಸಲು ಅನುಮತಿ ಕೊಡುವ ಸಾಲು, ಮೂರನ್ನೂ ಬೆರಳಿಟ್ಟು ನೋಡಿದೆ.

ಸೋಮವಾರ ಕಾಗದ ಕೂಡಿಸುವುದರಲ್ಲೇ ಕಳೆಯಿತು. ಕಾರಿನ ನೋಂದಣಿ ಪತ್ರವಾದ ವಿ5ಸಿ ಲಾಗ್‌ಬುಕ್ ಹೊಸ ವಿಳಾಸಕ್ಕೆ ಬದಲಾಗಿತ್ತು, ಅದನ್ನು ಮಾಡಿಸಿದ್ದು ನನ್ನ ಹೆಂಡತಿ. ಇಲ್ಲದಿದ್ದರೆ ಕಾರು ನನ್ನದೆಂದು ತೋರಿಸಲು ಇನ್ನೆಷ್ಟು ದಿನ ಬೇಕಾಗುತ್ತಿತ್ತೋ. ಎಂಒಟಿ, ಅಂದರೆ ಕಾರಿನ ವಾರ್ಷಿಕ ತಪಾಸಣೆಯ ಪತ್ರ, ಚಾಲ್ತಿಯಲ್ಲಿತ್ತು. ಅದಿರದಿದ್ದರೆ ಕಾರನ್ನು ಪೌಂಡಿನಿಂದ ನೇರ ಮನೆಗೆ ಓಡಿಸಿಕೊಂಡು ಬರುವಂತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗೆಳೆಯನೇ ತನ್ನ ಕಾರಿನಲ್ಲಿ ಕರೆದೊಯ್ದ. ತಗಡಿನ ಬೇಲಿಯ ಪಕ್ಕ ಒಂದು ಕಂಟೇನರ್, ಅದೇ ಆಫೀಸು. ಕಿಟಕಿಯ ಆಚೆ ಕೂತಿದ್ದಾಕೆ ನೋಟಿಸು, ಲೈಸೆನ್ಸು, ಲಾಗ್‌ಬುಕ್ ನೋಡಿ ಬದಿಗಿಟ್ಟರು. ಸರ್ಟಿಫಿಕೇಟ್ ಬಂದಾಗ ಪೆನ್ನಿನ ತುದಿಯನ್ನು ನೇರ ಕೆಳಗಿನ ಸಾಲುಗಳ ಮೇಲೆ ಓಡಿಸಿ, ಒಂದು ಕಡೆ ನಿಲ್ಲಿಸಿ, ಗೀಟು ಎಳೆದರು. ನಾನು ಬೆರಳಿಟ್ಟು ನೋಡಿದ್ದ ಅದೇ ಸಾಲು. ನಾಲ್ಕು ದಿನದ ಬಾಡಿಗೆ ಸೇರಿ 296 ಪೌಂಡ್ ಕಟ್ಟಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗ ಫೋನಿನಲ್ಲಿ ಒಂದು ದಿನದ ಪಾಲಿಸಿ ತೋರಿಸುತ್ತಿದ್ದ. ಅವನನ್ನು ವಾಪಸ್ ಕಳಿಸಿದರು. ಹೊರಗೆ ಬಂದು ನನ್ನ ಬ್ರೋಕರ್ ನಂಬರ್ ಬರೆದುಕೊಟ್ಟೆ.

ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು ಹೇಳಲೇಬೇಕು. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಇಲ್ಲಿನ ಟೆಸ್ಟ್ ಪಾಸಾಗಬೇಕು. ಪಾಸಾದ 2 ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು. ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದ್ದರೂ ಮತ್ತೆ ಎಲ್ ಬೋರ್ಡು ಹಾಕಿಕೊಂಡು ಥಿಯರಿ ಪರೀಕ್ಷೆಯಿಂದಲೇ ಶುರು ಮಾಡಬೇಕು. ನಾನು ಪಾಸಾಗಿ ಐದು ವರ್ಷವಾಗಿತ್ತು, ಹಾಗಾಗಿ ಉಳಿದುಕೊಂಡೆ.

ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಬೀಳುವ ಐಎನ್10 ಎಂಬ ಗುರುತು ತಪ್ಪು ನಡೆದ ದಿನದಿಂದ 4 ವರ್ಷ ನನ್ನ ಲೈಸೆನ್ಸಿನ ಮೇಲಿರುತ್ತದೆ. ಮೂವತ್ತು ದಿನ ಮುಗಿಯುವ ಮೊದಲೇ ವರ್ಷದ ಪಾಲಿಸಿ ಮಾಡಿಸಿ, ಕಂತು ಪೂರ್ತಿ ಒಂದೇ ಸಲಕ್ಕೆ ಕಟ್ಟಿದೆ. ಹೊಸ ಪಾಲಿಸಿ ಪೊಲೀಸರು ನೋಡುವ ಡೇಟಾಬೇಸಿಗೆ ಬರಲು ಕೆಲವು ದಿನ ಹಿಡಿಯಬಹುದೆಂದು ಸರ್ಟಿಫಿಕೇಟಿನ ಪ್ರತಿಯೊಂದನ್ನು ಕಾರಿನಲ್ಲೇ ಇಟ್ಟಿದ್ದೇನೆ, ಮಗಳ ಸೀಟಿನ ಮುಂದಿನ ಜೇಬಿನಲ್ಲಿ.