ಸೆಕೆಯ ಊರಿನಲ್ಲಿ ಡ್ರಾಫ್ಟ್ ಬಿಯರ್: ಮನೆಯ ಪಾರ್ಟಿಗೆ ಕೆಗ್ ಜೋಡಿಸುವ ಬಗೆ

ಡ್ರಾಫ್ಟ್ ಬಿಯರಿನ ಸಲಕರಣೆಯನ್ನು ಮನೆಯಲ್ಲಿ ಜೋಡಿಸುವುದು, ಗ್ಯಾಸ್ ಒಲೆಗೆ ಸಿಲಿಂಡರ್ ಕೂಡಿಸಲು ಬಲ್ಲವರಿಗೆ ಹೆಚ್ಚು ಕಷ್ಟದ ಕೆಲಸವಲ್ಲ. ಬೇಕಾಗುವುದು ಬಿಯರ್ ತುಂಬಿದ ಉಕ್ಕಿನ ಕೆಗ್, ಅದರ ಬಾಯಿಗೆ ಕೂರುವ ಕಪ್ಲರ್, ಬಿಯರನ್ನು ಹೊರಕ್ಕೆ ತಳ್ಳುವ ಇಂಗಾಲದ ಡೈಆಕ್ಸೈಡ್ ಅನಿಲದ ಸಿಲಿಂಡರ್, ಒತ್ತಡ ತೋರಿಸುವ ರೆಗ್ಯುಲೇಟರ್, ಎರಡು ಪೈಪು ಮತ್ತು ಒಂದು ನಲ್ಲಿ ಮಾತ್ರ. ಆದರೂ ಕಾರವಾರದಂಥ ಕಡಲತಡಿಯ ಊರಿನಲ್ಲಿ ಮೊದಲ ಸಲ ಇದನ್ನು ಮಾಡುವವರ ಲೋಟಕ್ಕೆ ಬಿಯರಿಗಿಂತ ನೊರೆಯೇ ಹೆಚ್ಚು ಬೀಳುತ್ತದೆ. ಕೋಡಿಬಾಗದ ನೆಂಟರ ಮನೆಯಲ್ಲಿ ನಾನು ಮಾಡಿದ ಮೊದಲ ಪ್ರಯತ್ನವೂ ಹಾಗೆಯೇ ಆಯಿತು. ಕೆಗ್ಗನ್ನು ಮಾವಿನ ಮರದ ನೆರಳಿನಲ್ಲಿಟ್ಟರೆ ಸಾಕೆಂದು ನಂಬಿದ್ದರಿಂದ ಹೆಚ್ಚುಕಡಿಮೆ ಅರ್ಧ ಕೆಗ್ ನೊರೆಯಾಗಿ ಅಂಗಳ ಸೇರಿತು. ದೋಷ ಯಂತ್ರದ್ದಾಗಿರಲಿಲ್ಲ, ಸೆಕೆಯದಾಗಿತ್ತು.

ಮೊದಲು ಕಾಗದಪತ್ರದ ಕೆಲಸ ಮುಗಿಸಿಕೊಳ್ಳಬೇಕು. ಪರವಾನಗಿಯಿಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದ ಬಿಯರಿಗೆ ಮಿತಿಯಿರುವುದರಿಂದ, ಕೆಗ್ ತರಿಸುವ ಮುನ್ನ ಅಬಕಾರಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಒಂದು ದಿನದ ಸಮಾರಂಭಕ್ಕೆ ಕೊಡುವ ಸಾಂದರ್ಭಿಕ ಪರವಾನಗಿಯನ್ನು ಪಡೆಯುವುದು ಕ್ಷೇಮ. ಗೋವಾ ಇಷ್ಟು ಹತ್ತಿರವಿದೆ, ಅಲ್ಲಿ ಬೆಲೆಯೂ ಕಡಿಮೆ ಎಂದು ಗಡಿ ದಾಟಿಸಿ ತರುವ ಯೋಚನೆಯನ್ನು ಮಾತ್ರ ಬಿಟ್ಟುಬಿಡಬೇಕು, ಏಕೆಂದರೆ ಅನುಮತಿಯಿಲ್ಲದ ಗೋವಾ ಮದ್ಯ ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಸಿಕ್ಕಿಬಿದ್ದರೆ ಕೆಗ್ಗಿನೊಂದಿಗೆ ಗಾಡಿಯೂ ಹೋಗಬಹುದು.

ಪ್ರಮಾಣದ ಲೆಕ್ಕ ಸುಲಭ. 20 ಲೀಟರಿನ ಕೆಗ್ಗಿನಲ್ಲಿ 330 ಮಿಲಿಲೀಟರಿನ 60 ಲೋಟ ಬಿಯರ್ ಇರುತ್ತದೆ. ನೊರೆಗೂ ಆರಂಭದ ಪ್ರಯೋಗಗಳಿಗೂ ಐದಾರು ಲೋಟ ಕಳೆದರೆ, ತಲಾ ಎರಡು ಲೋಟದಂತೆ ಇಪ್ಪತ್ತೈದು ಜನರಿಗೆ ಸಾಲುತ್ತದೆ. ಕೆಗ್ ಕೊಡುವವರಲ್ಲಿ ಕಪ್ಲರಿನ ಬಗೆಯನ್ನು ಕೇಳಲು ಮರೆಯಬಾರದು. ಕಪ್ಲರಿನಲ್ಲಿ ಹಲವು ಬಗೆಗಳಿದ್ದು, ಒಂದು ಬಗೆಯ ಕೆಗ್ಗಿಗೆ ಇನ್ನೊಂದು ಬಗೆಯ ಕಪ್ಲರ್ ಕೂರುವುದಿಲ್ಲ. ಭಾನುವಾರ ಸಂಜೆ ಆರು ಗಂಟೆಗೆ ಅದು ಗೊತ್ತಾದರೆ ಮಾಡುವುದೇನೂ ಉಳಿದಿರುವುದಿಲ್ಲ.

ತಂಪೇ ಮುಖ್ಯ

ಬಿಯರಿನಲ್ಲಿ ಕರಗಿರುವ ಅನಿಲವು ತಂಪಿನಲ್ಲಿ ಒಳಗೇ ಉಳಿಯುತ್ತದೆ, ಬಿಸಿಯಾದಂತೆ ಹೊರಬರಲು ಹವಣಿಸುತ್ತದೆ. 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಹಿಡಿದಿಡಲು 11ರಿಂದ 12 ಪಿಎಸ್‌ಐ ಒತ್ತಡ ಸಾಕು. (ನಮ್ಮ ಪತ್ರಿಕೆಗಳ ಓದುಗರಿಗೆ ಪಿಎಸ್‌ಐ ಎಂದರೆ ಪೊಲೀಸ್ ಅಧಿಕಾರಿ; ಇಲ್ಲಿ ಅದು ಒತ್ತಡದ ಅಳತೆ.) 10 ಡಿಗ್ರಿಗೆ ಅದೇ ಕೆಲಸಕ್ಕೆ ಸುಮಾರು 18 ಬೇಕಾಗುತ್ತದೆ, 30 ಡಿಗ್ರಿಗೆ ಮೊದಲಿನ ಮೂರು ಪಟ್ಟಿಗೂ ಹೆಚ್ಚು ಬೇಕಾಗುತ್ತದೆ. ಆದುದರಿಂದ ನೊರೆ ಬಂದಾಗ ರೆಗ್ಯುಲೇಟರ್ ತಿರುಗಿಸುತ್ತಾ ಕೂರುವ ಬದಲು ಕೆಗ್ಗಿನ ಮೈ ಮುಟ್ಟಿ ನೋಡುವುದು ಒಳ್ಳೆಯದು.

ಕೆಗ್ ಹಿಡಿಸುವಷ್ಟು ಫ್ರಿಜ್ ಇದ್ದರೆ ಹಿಂದಿನ ದಿನವೇ ಅದರಲ್ಲಿಟ್ಟು ಇಡೀ 24 ಗಂಟೆ ಬಿಡಬೇಕು. ಹಳೆಯ ಫ್ರಿಜ್ಜಿಗೆ ತೂತು ಕೊರೆದು ನಲ್ಲಿ ಕೂರಿಸುವವರೂ ಇದ್ದಾರೆ. ಕೊರೆಯಲೇಬೇಕೆಂದರೆ ಬಾಗಿಲಿನಲ್ಲಿ ಕೊರೆಯಬೇಕೇ ಹೊರತು, ಒಳಗೆ ಅನಿಲದ ನಳಿಗೆಗಳು ಹಾದುಹೋಗಿರಬಹುದಾದ ಪಕ್ಕದ ಗೋಡೆಗಳಲ್ಲಿ ಅಲ್ಲ. ಒಂದೇ ಸಂಜೆಯ ಪಾರ್ಟಿಗೆ ಅಷ್ಟೆಲ್ಲ ಖಟಾಟೋಪ ಬೇಡವೆಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೆ ಫ್ರಿಜ್ಜೂ ಕಪಾಟೇ ಆಗುತ್ತದೆ.

ದೊಡ್ಡದೊಂದು ಪ್ಲಾಸ್ಟಿಕ್ ಟಬ್ಬು ಮತ್ತು ಮಂಜುಗಡ್ಡೆ ಅದಕ್ಕಿಂತ ನಂಬಿಗಸ್ತವಾದವು. 20 ಲೀಟರ್ ಬಿಯರನ್ನು 30 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ ಆರೂವರೆ ಕಿಲೋ ಐಸ್ ಕರಗಿದರೆ ಸಾಕು; ಆದರೆ ಟಬ್ಬು, ನೀರು, ಸುತ್ತಲಿನ ಗಾಳಿ ಎಲ್ಲವೂ ತಮ್ಮ ಪಾಲನ್ನು ಕಸಿಯುವುದರಿಂದ 20ರಿಂದ 25 ಕಿಲೋ ತರಿಸಬೇಕು. ಬೈತಖೋಲದ ಮೀನುಗಾರಿಕಾ ಬಂದರಿನ ಕಡೆ ದೋಣಿಗಳಿಗೆ ಒದಗಿಸುವ ಐಸ್ ಸಿಕ್ಕಿದರೆ ಕೆಗ್ ತಣಿಸಲು ಅದೇ ಸಾಕು, ಆದರೆ ಮೀನಿಗಾಗಿ ಮಾಡಿದ ಆ ಐಸನ್ನು ಯಾವ ಕಾರಣಕ್ಕೂ ಲೋಟಕ್ಕೆ ಹಾಕಬಾರದು. ಬರೀ ಐಸ್ ಸುರಿದರೆ ನಡುವೆ ಗಾಳಿ ನಿಂತು ತಂಪು ಸರಿಯಾಗಿ ತಾಗುವುದಿಲ್ಲ. ಕೆಗ್ಗನ್ನು ನೆಟ್ಟಗೆ ನಿಲ್ಲಿಸಿ, ಸುತ್ತಲೂ ಪುಡಿ ಮಾಡಿದ ಐಸ್ ತುಂಬಿ, ಭುಜದ ಮಟ್ಟದವರೆಗೆ ನೀರು ಹೊಯ್ದು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನಾಲ್ಕೈದು ಗಂಟೆ ಬಿಡಬೇಕು, ಕರಗಿದಂತೆ ಐಸ್ ಸೇರಿಸುತ್ತಿರಬೇಕು. ಹುಬ್ಬಳ್ಳಿಯಿಂದ ಅರಬೈಲು ಘಟ್ಟದ ತಿರುವುಗಳಲ್ಲಿ ಕುಲುಕುತ್ತ ಇಳಿದು ಬಂದ ಕೆಗ್ಗಿಗಂತೂ ಈ ವಿಶ್ರಾಂತಿ ಬೇಕೇ ಬೇಕು.

ಜೋಡಣೆಯ ಕ್ರಮ

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಬೀಳದಂತೆ ಕಂಬಕ್ಕೋ ಕಿಟಕಿಯ ಸರಳಿಗೋ ಕಟ್ಟಬೇಕು. ಇದನ್ನು ನೆರಳಿನಲ್ಲೇ ಇಡಬೇಕಾದುದಕ್ಕೆ ಕಾರಣವಿದೆ: ಇಂಗಾಲದ ಡೈಆಕ್ಸೈಡ್ 31 ಡಿಗ್ರಿಯನ್ನು ದಾಟಿದ ಮೇಲೆ ದ್ರವವಾಗಿ ಉಳಿಯುವುದಿಲ್ಲ, ಅಲ್ಲಿಂದ ಮುಂದೆ ಸಿಲಿಂಡರಿನೊಳಗಿನ ಒತ್ತಡ ಬೇಗಬೇಗನೆ ಏರುತ್ತದೆ, ಮತ್ತು ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳು ಆ ಗಡಿಯನ್ನು ದಿನವೂ ದಾಟುತ್ತವೆ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಮುಚ್ಚಿದ ಕೋಣೆಯ ನೆಲಮಟ್ಟದಲ್ಲಿ ಶೇಖರವಾಗಿ ಉಸಿರು ಕಟ್ಟಿಸಬಲ್ಲದು. ಆದ್ದರಿಂದ ಜಗಲಿ ಅಥವಾ ತಾರಸಿಯೇ ತಕ್ಕ ಸ್ಥಳ. ಒಂದು ಕೆಗ್ ಖಾಲಿ ಮಾಡಲು ನೂರು ಗ್ರಾಮಿಗಿಂತ ಕಡಿಮೆ ಅನಿಲ ಸಾಕಾಗುವುದರಿಂದ 2 ಕಿಲೋ ಸಿಲಿಂಡರ್ ಬೇಕಾದಷ್ಟಾಯಿತು. ಆಹಾರಕ್ಕೆ ಬಳಸುವ ದರ್ಜೆಯ ಅನಿಲವನ್ನೇ ಕೇಳಿ ತುಂಬಿಸಬೇಕು.

ರೆಗ್ಯುಲೇಟರಿನ ತಿರುಪನ್ನು ಪೂರ್ತಿ ಸಡಿಲಿಸಿ, ವಾಷರ್ ಇದೆಯೆಂದು ನೋಡಿಕೊಂಡು, ಸ್ಪ್ಯಾನರಿನಿಂದ ಸಿಲಿಂಡರಿಗೆ ಬಿಗಿಯಬೇಕು. ಗ್ಯಾಸಿನ ಪೈಪನ್ನು ಕಪ್ಲರಿನ ಪಕ್ಕದ ಬಾಯಿಗೂ ಬಿಯರಿನ ಪೈಪನ್ನು ಮೇಲಿನ ಬಾಯಿಗೂ ಸಿಕ್ಕಿಸಿ ಕ್ಲಿಪ್ ಹಾಕಬೇಕು. ಬಿಯರಿನ ಪೈಪು ಸುಮಾರು 5 ಮಿಲಿಮೀಟರ್ ಒಳವ್ಯಾಸದ್ದಾಗಿದ್ದು 2ರಿಂದ 3 ಮೀಟರ್ ಉದ್ದವಿರಲಿ. ಪೈಪು ಗಿಡ್ಡವಾದರೆ ಬಿಯರ್ ರಭಸದಿಂದ ನುಗ್ಗಿ ನೊರೆಯೆಬ್ಬಿಸುತ್ತದೆ. ಈ ಪೈಪನ್ನು ಸುರುಳಿ ಸುತ್ತಿ ಅದೇ ಐಸ್ ನೀರಿನಲ್ಲಿ ಮುಳುಗಿಸಿಡುವುದು ಹಲವರು ಮರೆಯುವ, ಆದರೆ ಫಲಿತಾಂಶವನ್ನೇ ಬದಲಿಸುವ ಉಪಾಯ. ನಲ್ಲಿಯನ್ನು ಮುಚ್ಚಿ, ಕಪ್ಲರನ್ನು ಕೆಗ್ಗಿನ ಬಾಯಿಯ ಮೇಲಿಟ್ಟು ತಿರುಗಿಸಿ ಕೂರಿಸಿ, ಸಿಲಿಂಡರನ್ನು ನಿಧಾನವಾಗಿ ತೆರೆದು ಒತ್ತಡವನ್ನು 12 ಪಿಎಸ್‌ಐಗೆ ತಂದು, ಆಮೇಲೆ ಕಪ್ಲರಿನ ಹಿಡಿಯನ್ನು ಕೆಳಗೊತ್ತಬೇಕು. ಎಲ್ಲ ಕೀಲುಗಳಿಗೆ ಸಾಬೂನಿನ ನೀರು ಸವರಿ ಗುಳ್ಳೆ ಏಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಈ ಕೆಲಸ ಮಾಡುವವರು ಒಂದು ಪಿಎಸ್‌ಐ ಹೆಚ್ಚಿಗೆ ಇಟ್ಟುಕೊಳ್ಳಬೇಕು, ಏಕೆಂದರೆ ಅಲ್ಲಿ ಗಾಳಿಯ ಒತ್ತಡ ಅಷ್ಟು ಕಡಿಮೆ.

ಸುರಿಯುವಾಗ ಲೋಟವನ್ನು 45 ಡಿಗ್ರಿ ವಾಲಿಸಿ, ನಲ್ಲಿಯನ್ನು ಒಮ್ಮೆಲೇ ಪೂರ್ತಿ ತೆರೆಯಬೇಕು. ಹೆದರಿ ಅರ್ಧ ತೆರೆದರೆ ನೊರೆ ಇನ್ನೂ ಹೆಚ್ಚುತ್ತದೆ. ಮುಕ್ಕಾಲು ತುಂಬಿದಾಗ ಲೋಟ ನೆಟ್ಟಗೆ ಮಾಡಿದರೆ ಎರಡು ಸೆಂಟಿಮೀಟರಿನಷ್ಟು ನೊರೆ ಮೇಲೆ ನಿಲ್ಲುತ್ತದೆ. ಅಷ್ಟು ನೊರೆ ಇರಲೇಬೇಕು. ಮೊದಲ ಲೋಟ ಹೇಗೂ ನೊರೆಯೇ, ಅದನ್ನು ಚೆಲ್ಲಿಬಿಡಬಹುದು. ನೊರೆ ಸ್ವಲ್ಪವೂ ನಿಲ್ಲದಿದ್ದರೆ ಲೋಟದ ಮೇಲೆ ಸಂಶಯಪಡಬೇಕು: ಬಂಗಡೆ ಹುರಿದ ಎಣ್ಣೆಯ ಕೈಯಲ್ಲಿ ಮುಟ್ಟಿದ ಲೋಟದಲ್ಲಿ ನೊರೆ ಉಳಿಯುವುದಿಲ್ಲ.

ಅನಿಲದ ಬದಲು ಕೈಪಂಪು ಬಳಸುವವರಿಗೆ ಒಂದು ಮಾತು. ಅದು ಅಗ್ಗ, ಆದರೆ ಕೆಗ್ಗಿನೊಳಕ್ಕೆ ತಳ್ಳುವುದು ಬರೀ ಗಾಳಿಯನ್ನಾದ್ದರಿಂದ ಬಿಯರ್ ಮರುದಿನಕ್ಕೆ ಹಳಸಿದ ರುಚಿಗೆ ತಿರುಗುತ್ತದೆ.

ಪಾರ್ಟಿ ಮುಗಿದ ರಾತ್ರಿಯೇ, ಎಷ್ಟೇ ದಣಿವಾಗಿದ್ದರೂ, ಸಿಲಿಂಡರ್ ಮುಚ್ಚಿ, ಕಪ್ಲರಿನ ಹಿಡಿ ಎತ್ತಿ ಬಿಡಿಸಿ, ಪೈಪು ಮತ್ತು ನಲ್ಲಿಯ ಮೂಲಕ ಬಿಸಿನೀರು ಹರಿಸಬೇಕು. ಈ ಹವೆಯಲ್ಲಿ ಒಂದೇ ದಿನ ಬಿಟ್ಟರೂ ಒಳಗೆ ಲೋಳೆ ಕಟ್ಟುತ್ತದೆ. ಖಾಲಿಯಾದ ಕೆಗ್ಗಿನೊಳಗೂ ಒತ್ತಡ ಉಳಿದಿರುವುದರಿಂದ, ಉಳಿದ ಒಂದು ಲೋಟದ ಆಸೆಗೆ ಅದರ ಬಾಯಿಯ ಬಿಲ್ಲೆಯನ್ನು ಮೀಟಿ ತೆಗೆಯಲು ಹೋಗದೆ, ತಂದ ಹಾಗೆಯೇ ಮರಳಿಸಿ ಠೇವಣಿ ಪಡೆಯಬೇಕು.