ಬೆಲ್ಲದ ಗ್ಯಾಸ್ ಉಂಡು ಬೆಳೆಯುವ ಪಾಚಿ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಗೆ ಹೋದರೆ ನೀರು ಹಸಿರಾಗಿರುವ ಕಡೆ ನೋಡಿ. ಅದರಲ್ಲಿರುವ ಸಣ್ಣ ಪಾಚಿಯ ಮೈಯಲ್ಲಿ ಎಣ್ಣೆ ಇರುತ್ತದೆ. ಆ ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡಬಹುದು. ನಮ್ಮ ಧಾರವಾಡ, ಗದಗ ಕಡೆ ಬಿಸಿಲಿಗೇನೂ ಬರ ಇಲ್ಲ. ಪಾಚಿಗೆ ಸಾಲದೆ ಬರುವುದು ಇಂಗಾಲದ ಡೈಆಕ್ಸೈಡ್. ಒಂದು ಕೆ.ಜಿ. ಒಣ ಪಾಚಿ ಬೆಳೆಯಲು ಅದು ಸುಮಾರು 1.8 ಕೆ.ಜಿ. ಬೇಕು. ಗಾಳಿಯಲ್ಲಿ ಇರುವುದು ಬರೀ ಶೇ 0.04ರಷ್ಟು. ಹಾಗಾಗಿ ಈ ಗ್ಯಾಸನ್ನು ನಾವೇ ಉಣಿಸಬೇಕು.

ಮೊದಲು ಎರಡು ಬಾಟಲಿಗಳಲ್ಲಿ ಹಸಿರು ನೀರು ತುಂಬಿ. ಲೀಟರಿಗೆ ಅರ್ಧ ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಹಾಕಿ. ಒಂದಕ್ಕೆ ಮಾತ್ರ ಗ್ಯಾಸ್ ಕೊಡಿ, ಇನ್ನೊಂದು ಹೋಲಿಸಿ ನೋಡಲು ಇರಲಿ. ಎರಡರ ಬಾಯಿಗೂ ಹತ್ತಿ ಇಡಿ, ಮುಚ್ಚಳ ಬೇಡ. ಬೆಳಕು ಬೇಕು, ಆದರೆ ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಇಟ್ಟರೆ ಪಾಚಿ ಬೆಂದೇ ಹೋಗುತ್ತದೆ.

ಇನ್ನು ಗ್ಯಾಸ್. ಎರಡು ಲೀಟರ್ ಬಾಟಲಿಯಲ್ಲಿ ಒಂದು ಲೀಟರ್ ಉಗುರುಬೆಚ್ಚಗಿನ ನೀರು, 100 ಗ್ರಾಂ ಬೆಲ್ಲ, ಕಾಲು ಚಮಚ ಯೀಸ್ಟ್ ಸೇರಿಸಿ. ಯೀಸ್ಟ್ ಬೆಲ್ಲ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಳಕ್ಕೆ ತೂತು ಮಾಡಿ ಅಕ್ವೇರಿಯಂ ಪೈಪು ತೂರಿಸಿ, ಸುತ್ತ ಎಂ-ಸೀಲ್ ಹಚ್ಚಿ. ಪೈಪು ನೇರವಾಗಿ ಪಾಚಿಗೆ ಬೇಡ. ನಡುವೆ ನೀರಿನ ಬಾಟಲಿ ಇಟ್ಟರೆ ನೊರೆ ಅಲ್ಲೇ ನಿಲ್ಲುತ್ತದೆ. ಪಾಚಿ ಬಾಟಲಿಯೊಳಗಿನ ತುದಿಗೆ ಏರ್ ಸ್ಟೋನ್ (ಸಣ್ಣ ಗುಳ್ಳೆ ಬಿಡುವ ಅಕ್ವೇರಿಯಂ ಕಲ್ಲು) ಹಾಕಿ. ಗುಳ್ಳೆ ಸಣ್ಣದಾದಷ್ಟೂ ಗ್ಯಾಸ್ ನೀರಲ್ಲಿ ಚೆನ್ನಾಗಿ ಕರಗುತ್ತದೆ. ಪೈಪನ್ನು ಎಲ್ಲೂ ಮಡಚಬೇಡಿ, ಬಿರಡೆ ಹಾಕಬೇಡಿ. ಒತ್ತಡ ಜಾಸ್ತಿಯಾಗಿ ಬಾಟಲಿ ಸಿಡಿಯಬಹುದು.

ನಿಜವಾದ ಕೆಲಸ ಇಲ್ಲಿಂದ ಶುರು. ಈ ಗ್ಯಾಸ್ ಕರಗಿದರೆ ನೀರು ಹುಳಿಯಾಗುತ್ತದೆ. ದಿನಾ ಹುಳಿ ಅಳೆಯುವ ಪಿಎಚ್ ಪೇಪರ್ ಅದ್ದಿ ನೋಡಿ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 7ರಿಂದ 8ರ ನಡುವೆ ಇದ್ದರೆ ಸರಿ. 6.5ಕ್ಕಿಂತ ಇಳಿದರೆ ಪೈಪನ್ನು ಕೆಲವು ಗಂಟೆ ಹೊರಗಿಡಿ. 9 ದಾಟಿದರೆ ಪಾಚಿ ಹಸಿದಿದೆ ಎಂದೇ ಅರ್ಥ. ರಾತ್ರಿ ಪೈಪು ಹೊರಗೇ ಇರಲಿ. ಕತ್ತಲಲ್ಲಿ ಪಾಚಿ ಈ ಗ್ಯಾಸ್ ಬಳಸುವುದಿಲ್ಲ, ಸುಮ್ನೆ ಹುಳಿ ಏರುತ್ತದೆ.

ಬೆಲ್ಲ ಕಲಿಯಲಿಕ್ಕೆ ಮಾತ್ರ ಸಾಕು. 100 ಗ್ರಾಂ ಸಕ್ಕರೆಯಿಂದ ಹೆಚ್ಚೆಂದರೆ 50 ಗ್ರಾಂನಷ್ಟು ಗ್ಯಾಸ್ ಬರುತ್ತದೆ. ತಿನ್ನುವ ಬೆಲ್ಲ ಸುರಿದು ಇಂಧನ ಮಾಡಿದರೆ ಲೆಕ್ಕ ಕೂಡುವುದಿಲ್ಲ ಅಲ್ವಾ? ದೊಡ್ಡ ಮಟ್ಟದಲ್ಲಿ ಮಾಡುವುದಾದರೆ ಸುಮ್ಮನೆ ಹೊರಹೋಗುವ ಗ್ಯಾಸನ್ನೇ ಹಿಡಿಯಬೇಕು. ಎಥೆನಾಲ್ ಘಟಕದ ಹುದುಗಿನ ತೊಟ್ಟಿಯಿಂದ ಸಾಕಷ್ಟು ಶುದ್ಧವಾಗಿಯೇ ಬರುತ್ತದೆ. ಗೋಬರ್ ಗ್ಯಾಸಿನಲ್ಲೂ ಶೇ 30ರಿಂದ 40ರಷ್ಟು ಇದೆ. ಆದರೆ ಉಳಿದದ್ದು ಬಹುತೇಕ ಉರಿಯುವ ಮೀಥೇನ್, ಜೊತೆಗೆ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ. ಮನೆಯಲ್ಲಿ ಅದರ ಪೈಪಿಗೆ ಕೈ ಹಾಕಬೇಡಿ.